ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: 14,000 ಕಿ.ಮೀ.ಗೆ ಹೋಗುವಾಗ 16 ಗಂಟೆ, ಬರುವಾಗ 18 ಯಾಕೆ?

ಬಸವನಗುಡಿ_ಓದುಗ
ದೂರ ತೋರಿಸುವ ತಾಣಗಳಲ್ಲಿ ಬೆಂಗಳೂರು, ಸ್ಯಾನ್ ಫ್ರಾನ್ಸಿಸ್ಕೊ ಎರಡೂ ಹೆಸರು ಹಾಕಿದರೆ 13,990 ಕಿ.ಮೀ. ಚಿಲ್ಲರೆ ಬರುತ್ತೆ. ಗಂಟೆಗೆ 900 ಕಿ.ಮೀ. ವೇಗ ಅಂತ ಹಿಡಿದು ಭಾಗಿಸಿದರೆ ಹದಿನೈದೂವರೆ ಗಂಟೆ. ಆದರೆ 2021ರಲ್ಲಿ ಶುರುವಾದ ನೇರ ವಿಮಾನದ ವೇಳಾಪಟ್ಟಿಯಲ್ಲಿ ಹೋಗೋದಕ್ಕೆ 16 ಗಂಟೆ, ಬರೋದಕ್ಕೆ 17 ಗಂಟೆ 45 ನಿಮಿಷ ಅಂತಿತ್ತು. ಒಂದು ಕಡೆ ಇಳಿದು ಹತ್ತುವ ಟಿಕೆಟ್‌ಗಳಲ್ಲಿ 21ರಿಂದ 30 ಗಂಟೆವರೆಗೂ ಕಾಣಿಸುತ್ತೆ. ದೂರ ಒಂದೇ ಆಗಿದ್ದು ಸಮಯ ಹೀಗೆ ಏರುಪೇರಾಗೋದು ಯಾಕೆ? ಟಿಕೆಟ್ ಆರಿಸುವಾಗ ಕಿಲೋಮೀಟರ್ ನೋಡಬೇಕಾ, ಗಂಟೆ ನೋಡಬೇಕಾ? ವಿಷಯ ಗೊತ್ತಿರುವವರು ಲೆಕ್ಕದ ಸಮೇತ ಹೇಳಿ.

ನಕ್ಷೆಗಾರ
ಮೊದಲು ದೂರದ ಲೆಕ್ಕ ಮಾಡೋಣ, ಅದನ್ನ ಯಾವ ತಾಣವೂ ಇಲ್ಲದೆ ಕ್ಯಾಲ್ಕುಲೇಟರ್‌ನಲ್ಲೇ ಮಾಡಬಹುದು. ದೇವನಹಳ್ಳಿ ನಿಲ್ದಾಣ ಇರೋದು 13.20 ಡಿಗ್ರಿ ಉತ್ತರ, 77.71 ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ 37.62 ಉತ್ತರ, 122.38 ಪಶ್ಚಿಮ. ಒಂದು ಪೂರ್ವ, ಇನ್ನೊಂದು ಪಶ್ಚಿಮ ಆದ್ದರಿಂದ ರೇಖಾಂಶ ಎರಡನ್ನೂ ಕೂಡಬೇಕು: 200.09. ಅದು 180 ದಾಟಿತು, ಅಂದರೆ ಆ ಕಡೆಯಿಂದ ಸುತ್ತಿಕೊಂಡು ಹೋಗೋದು ಹತ್ತಿರ. 360ರಿಂದ ಕಳೆದರೆ 159.91.

ಈಗ ಎರಡೂ ಅಕ್ಷಾಂಶಗಳ ಸೈನ್ ಗುಣಿಸಿ: 0.139. ಎರಡರ ಕೊಸೈನ್ ಗುಣಿಸಿ, ಅದನ್ನ 159.91ರ ಕೊಸೈನ್‌ನಿಂದ ಮತ್ತೆ ಗುಣಿಸಿ: −0.724. ಎರಡನ್ನೂ ಕೂಡಿದರೆ −0.585. ಇದರ ವಿಲೋಮ ಕೊಸೈನ್ 125.8 ಡಿಗ್ರಿ. ಭೂಮಿ ಮೇಲೆ ಒಂದು ಡಿಗ್ರಿ ಕಮಾನಿಗೆ 111.2 ಕಿ.ಮೀ. ಗುಣಿಸಿದರೆ 13,990ರ ಹತ್ತಿರ ಬಂತು. ಭೂಮಿ ಪೂರ್ತಿ ಗೋಳ ಅಲ್ಲ, ಧ್ರುವಗಳ ಹತ್ತಿರ ಸ್ವಲ್ಪ ಚಪ್ಪಟೆ. ಅದನ್ನೂ ಲೆಕ್ಕಕ್ಕೆ ಹಿಡಿದರೆ ನಾಲ್ಕಾರು ಕಿ.ಮೀ. ಆಚೀಚೆ ಆಗುತ್ತೆ, ಪ್ರಯಾಣಿಕರಿಗೆ ಅದು ಲೆಕ್ಕಕ್ಕಿಲ್ಲ.

ಎಡವೋದು ಎರಡು ಕಡೆ. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದ್ದರೆ ಉತ್ತರಕ್ಕೆ ಅರ್ಥವೇ ಇರಲ್ಲ, ತಕ್ಷಣ ಗೊತ್ತಾಗುತ್ತೆ. ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕೋದು ಮರೆತರೆ ಮಾತ್ರ ಗೊತ್ತಾಗಲ್ಲ. ವ್ಯತ್ಯಾಸ 44.67 ಅಂತ ಬಂದು ದೂರ 5,200 ಕಿ.ಮೀ. ಹತ್ತಿರ ಇಳಿಯುತ್ತೆ, ನೋಡೋಕೆ ಸರಿಯಾದ ಸಂಖ್ಯೆ ಥರಾನೇ ಇರುತ್ತೆ. ಎಕ್ಸೆಲ್‌ನಲ್ಲಿ ಪಟ್ಟಿ ಮಾಡುವವರು ಇದನ್ನ ಮೊದಲು ಪರೀಕ್ಷಿಸಿ.

ಹೆಬ್ಬಾಳದವಳು
ಅಂದರೆ ನೇರ ದಾರಿ ಉತ್ತರ ಧ್ರುವದ ಮೇಲೇ ಹೋಗುತ್ತೆ ಅಲ್ವಾ ಸಾರ್? 2021ರ ಮೊದಲ ವಿಮಾನದ ಸುದ್ದಿಯಲ್ಲಿ ಹಾಗೇ ಬಂದಿತ್ತು.

ನಕ್ಷೆಗಾರ
ಇಲ್ಲ ಮೇಡಂ, ಇಲ್ಲೇ ತುಂಬ ಜನ ಗೊಂದಲ ಮಾಡಿಕೊಳ್ಳೋದು. ಅತಿ ಹತ್ತಿರದ ದಾರಿ ಧ್ರುವ ಮುಟ್ಟಲ್ಲ. ಅದು ಏರುವ ಗರಿಷ್ಠ ಅಕ್ಷಾಂಶ ಸುಮಾರು 71 ಡಿಗ್ರಿ.

ಮನೆಯಲ್ಲಿ ಶಾಲೆ ಮಕ್ಕಳ ಗ್ಲೋಬ್ ಇದ್ದರೆ ದಾರ ಎಳೆದು ನೋಡಿ. 30 ಸೆಂ.ಮೀ. ವ್ಯಾಸದ ಗ್ಲೋಬ್‌ನಲ್ಲಿ 1 ಸೆಂ.ಮೀ. ಅಂದರೆ ಸುಮಾರು 425 ಕಿ.ಮೀ. ದಾರದ ಒಂದು ತುದಿ ಬೆಂಗಳೂರಿನ ಮೇಲೆ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೊ ಮೇಲಿಟ್ಟು ಸಡಿಲ ಇಲ್ಲದ ಹಾಗೆ ಎಳೆಯಿರಿ. ದಾರ ತಾನಾಗೇ ಜಾರಿ ತನ್ನ ಜಾಗಕ್ಕೆ ಕೂರುತ್ತೆ. ಉದ್ದ ಅಳೆದರೆ 33 ಸೆಂ.ಮೀ.ಗೆ ಒಂದು ಕೂದಲೆಳೆ ಕಮ್ಮಿ. ಅದು ಬೆಂಗಳೂರಿನಿಂದ ಪೂರ್ವಕ್ಕೂ ಹೋಗಲ್ಲ, ಪಶ್ಚಿಮಕ್ಕೂ ಹೋಗಲ್ಲ. ಉತ್ತರಕ್ಕೆ 20 ಡಿಗ್ರಿ ಬಲಕ್ಕೆ ವಾಲಿಕೊಂಡು ತೆಲಂಗಾಣ ದಾಟಿ, ನೇಪಾಳದ ಅನ್ನಪೂರ್ಣ ಶ್ರೇಣಿಯ ಆಸುಪಾಸಿನಲ್ಲಿ ಹಿಮಾಲಯ ಹತ್ತುತ್ತೆ. ಆಮೇಲೆ ಟಿಬೆಟ್, ಚೀನಾದ ಲೋಪ್ ನೂರ್ ಮರುಭೂಮಿ, ಮಂಗೋಲಿಯಾದ ಪಶ್ಚಿಮ ಭಾಗ, ಬೈಕಲ್ ಸರೋವರದ ಪಶ್ಚಿಮಕ್ಕೆ ಸೈಬೀರಿಯಾ, ಯಾಕುಟಿಯಾ, ಕೊಲಿಮಾ ನದಿ ಸಮುದ್ರ ಸೇರುವ ಜಾಗದ ಹತ್ತಿರ ಆರ್ಕ್ಟಿಕ್ ಅಂಚು. ಅಲ್ಲಿಂದ ಇಳಿಜಾರು: ಅಲಾಸ್ಕಾ ಅಡ್ಡ ದಾಟಿ, ಪೆಸಿಫಿಕ್ ಕರಾವಳಿ ಪಕ್ಕದಲ್ಲೇ ಕ್ಯಾಲಿಫೋರ್ನಿಯಾ.

ಹಾಗಾದರೆ ಧ್ರುವದ ಮೇಲೇ ಹೋದರೆ ಎಷ್ಟು? ಆ ಲೆಕ್ಕ ಇನ್ನೂ ಸುಲಭ. ಇಲ್ಲಿಂದ ಧ್ರುವಕ್ಕೆ 90 ಕಳೆದ 13.20, ಅಂದರೆ 76.8 ಡಿಗ್ರಿ. ಅಲ್ಲಿಂದ ಇಳಿಯೋದು 52.38. ಕೂಡಿದರೆ 129.18 ಡಿಗ್ರಿ, 14,360 ಕಿ.ಮೀ. ಹತ್ತಿರದ ದಾರಿಗಿಂತ ಬರೀ 375 ಕಿ.ಮೀ. ಜಾಸ್ತಿ. ಬೆಂಗಳೂರಿನಿಂದ ಕಲಬುರಗಿಯವರೆಗೂ ಆಗದಷ್ಟು ದೂರ. ಎರಡು ಊರೂ ಭೂಗೋಳದ ಹೆಚ್ಚುಕಮ್ಮಿ ಎದುರುಬದುರು ರೇಖಾಂಶದಲ್ಲಿರೋದೇ ಇದಕ್ಕೆ ಕಾರಣ. ಇಂಥ ಜೋಡಿಗೆ ದಾರಿಗಳು ಬಹಳ ಇರುತ್ತವೆ, ದೂರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲ್ಲ. ಹಾಗಾಗಿ ಯಾವ ದಾರಿ ಅನ್ನೋದನ್ನ ಬೇರೆ ವಿಷಯಗಳು ತೀರ್ಮಾನ ಮಾಡುತ್ತವೆ.

ರನ್‌ವೇ_27
ನಕ್ಷೆಗಾರರ ದಾರ ಅನ್ನಪೂರ್ಣ ಹತ್ತಿತಲ್ಲ, ವಿಮಾನ ಅಲ್ಲಿಂದಲೇ ದಾರಿ ಬದಲಿಸಬೇಕು. 35,000 ಅಡಿಯಲ್ಲಿ ಹೋಗೋ ವಿಮಾನಕ್ಕೆ 8,091 ಮೀಟರ್ ಶಿಖರ ಅಡ್ಡ ಬರಲ್ಲ, ನಿಜ. ತೊಂದರೆ ಇರೋದು ಕ್ಯಾಬಿನ್ ಒತ್ತಡ ಇಳಿದಾಗ. ಸೀಟಿನ ಮೇಲಿಂದ ಬೀಳುವ ಮಾಸ್ಕ್‌ಗಳಿಗೆ ರಾಸಾಯನಿಕವಾಗಿ ಆಮ್ಲಜನಕ ಹುಟ್ಟಿಸುವ ಡಬ್ಬಿ ಜೋಡಿಸಿರ್ತಾರೆ. ಅದು ಮಾದರಿಗೆ ತಕ್ಕಂತೆ 12ರಿಂದ 22 ನಿಮಿಷ ಬರುತ್ತೆ. ಅಷ್ಟರೊಳಗೆ 10,000 ಅಡಿಗೆ ಇಳಿಯಬೇಕು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್, ಸುಮಾರು 14,800 ಅಡಿ. ಇಳಿಯೋದಕ್ಕೆ ಜಾಗವೇ ಇಲ್ಲ. ಒಂದು ಎಂಜಿನ್ ನಿಂತರೂ ಇದೇ ಕಥೆ, ವಿಮಾನ ನಿಧಾನಕ್ಕೆ ಕೆಳಗಿಳಿಯುತ್ತೆ, ಕೆಳಗೆ ಬೆಟ್ಟ ಇರುತ್ತೆ. ವಿಶೇಷ ಆಮ್ಲಜನಕ ವ್ಯವಸ್ಥೆ, ಮೊದಲೇ ಗುರುತು ಮಾಡಿದ ತಪ್ಪಿಸಿಕೊಳ್ಳುವ ದಾರಿಗಳು ಇದ್ದರೆ ಹಾರಬಹುದು, ಆದರೆ ಮಾಮೂಲಿ ಸಂಸ್ಥೆಗಳು ಸುತ್ತಿಕೊಂಡೇ ಹೋಗ್ತವೆ.

ಎರಡನೇದು ಆಕಾಶದ ಬೇಲಿ. ಪಾಕಿಸ್ತಾನ 2019ರ ಫೆಬ್ರವರಿ ಕೊನೆಯಿಂದ ಜುಲೈ ಮಧ್ಯದವರೆಗೆ ತನ್ನ ವಾಯುಪ್ರದೇಶ ಮುಚ್ಚಿತ್ತು. 2025ರ ಏಪ್ರಿಲ್ 24ರಿಂದ ಭಾರತೀಯ ಸಂಸ್ಥೆಗಳಿಗೆ ಮತ್ತೆ ಮುಚ್ಚಿತು. ಆಗ ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೋಗೋ ನಮ್ಮ ವಿಮಾನಗಳು ಅರಬ್ಬೀ ಸಮುದ್ರದ ಕಡೆಯಿಂದ ಬಳಸಿಕೊಂಡು ಹೋಗಬೇಕಾಯಿತು, ಅಮೆರಿಕಕ್ಕೆ ಓಡಾಡೋ ನಮ್ಮ ಕೆಲವು ವಿಮಾನಗಳು ನಡುದಾರಿಯಲ್ಲಿ ಇಂಧನಕ್ಕೆ ಇಳಿಯಬೇಕಾಯಿತು. ರಷ್ಯಾದ ಆಕಾಶ 2022ರ ಫೆಬ್ರವರಿ–ಮಾರ್ಚ್‌ನಿಂದ ಅಮೆರಿಕ, ಯುರೋಪ್ ಸಂಸ್ಥೆಗಳಿಗೆ ಬಂದ್, ಭಾರತೀಯ ಸಂಸ್ಥೆಗಳಿಗೆ ಅಲ್ಲ. ಅಂದರೆ ಅದೇ ಎರಡು ಊರಿನ ನಡುವೆ ವಿಮಾನ ಯಾವ ದೇಶದ್ದು ಅನ್ನೋದರ ಮೇಲೆ ದೂರ ಬದಲಾಗುತ್ತೆ. ದೂರ ತೋರಿಸೋ ತಾಣಗಳಲ್ಲಿ ಇದು ಯಾವುದೂ ಕಾಣಿಸಲ್ಲ.

ಗಾಳಿಪಟ_ಕೆ
ಸಮಯ ಏರುಪೇರಾಗೋದಕ್ಕೆ ದೊಡ್ಡ ಕಾರಣ ಗಾಳಿ. 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಹರಿಯುತ್ತೆ, ಚಳಿಗಾಲದಲ್ಲಿ ಜಪಾನ್ ಮೇಲೆ ಗಂಟೆಗೆ 250 ಕಿ.ಮೀ. ದಾಟೋದು ಮಾಮೂಲು. ಹರಿಯೋ ಹೊಳೆಯಲ್ಲಿ ತೆಪ್ಪ ಹಾಕಿದ ಹಾಗೆ: ಕೆಳಗೆ ಹೋಗುವಾಗ ಹೊಳೆಯೇ ಎಳೆದುಕೊಂಡು ಹೋಗುತ್ತೆ, ಮೇಲೆ ಬರುವಾಗ ಹುಟ್ಟು ಹಾಕಿದಷ್ಟೂ ಸಾಲಲ್ಲ.

ಅಂಕಿಯಲ್ಲಿ ನೋಡಿ. ಬೋಯಿಂಗ್ 777 ಸಾಮಾನ್ಯವಾಗಿ ಮ್ಯಾಕ್ 0.84ರಲ್ಲಿ ಸಾಗುತ್ತೆ. ಹೊರಗೆ −56 ಡಿಗ್ರಿ ಇದ್ದಾಗ ಶಬ್ದದ ವೇಗ ಗಂಟೆಗೆ 1,062 ಕಿ.ಮೀ., ಅದರ 0.84 ಪಾಲು 892 ಕಿ.ಮೀ. ಇದು ಗಾಳಿಗೆ ಹೋಲಿಸಿದ ವೇಗ, ನೆಲಕ್ಕೆ ಹೋಲಿಸಿದ್ದಲ್ಲ. ಹೋಗುವಾಗ ಬಂಗಾಳ ಕೊಲ್ಲಿ, ಚೀನಾ, ಜಪಾನ್ ಕಡೆಯಿಂದ ಪೆಸಿಫಿಕ್ ದಾಟೋ ದಾರಿ 14,800 ಕಿ.ಮೀ. ಅಂತ ಇಟ್ಟುಕೊಳ್ಳಿ, ದಾರಿಯುದ್ದಕ್ಕೂ ಸರಾಸರಿ 70 ಕಿ.ಮೀ. ಬೆನ್ನುಗಾಳಿ. 14,800 ಭಾಗಿಸು 962, ಅಂದರೆ 15 ಗಂಟೆ 23 ನಿಮಿಷ. ಅದೇ ದಾರಿಯಲ್ಲಿ ಅಷ್ಟೇ ಎದುರುಗಾಳಿ ತಿಂದು ಬಂದರೆ 14,800 ಭಾಗಿಸು 822, ಸರಿಯಾಗಿ 18 ಗಂಟೆ. ಈ ದೂರ, ಈ ಗಾಳಿ ಮಾದರಿಗೆ ಹಿಡಿದಿದ್ದು, ದಿನದಿನಕ್ಕೆ ಬದಲಾಗುತ್ತೆ. ಆದರೆ ಎರಡೂವರೆ ಗಂಟೆ ವ್ಯತ್ಯಾಸ ಎಲ್ಲಿಂದ ಬಂತು ಅನ್ನೋದು ಇದರಲ್ಲೇ ಇದೆ.

ಬರುವಾಗ ಧ್ರುವದ ಕಡೆ ಹೋಗೋದೂ ಇದಕ್ಕೇ. ಅಲ್ಲಿ ಜೆಟ್ ಸ್ಟ್ರೀಮ್‌ನ ಎದೆಗೆ ಎದೆ ಕೊಡಬೇಕಾಗಿಲ್ಲ. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಮೊದಲ ವಿಮಾನ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಮೂವರು ಮಹಿಳಾ ಪೈಲಟ್‌ಗಳು ತಂದದ್ದು, ಧ್ರುವದ ಮೇಲೇ ಬಂದು 11ರ ಬೆಳಗಿನ ಜಾವ ಇಲ್ಲಿ ಇಳಿಯಿತು. ಹಾರಿದ ದೂರ ಸುಮಾರು 16,000 ಕಿ.ಮೀ. ಅಂತ ಆಗ ವರದಿಯಾಗಿತ್ತು. ಜಾಸ್ತಿ ದೂರ ಹಾರಿ ಸಮಯ, ಇಂಧನ ಉಳಿಸೋದು ಈ ದಾರಿಯಲ್ಲಿ ಸಹಜ.

ಇನ್ನೊಂದು ಮಾತು. ಹೋಗುವಾಗ ಗಾಳಿ ಕೊಟ್ಟಿದ್ದು ಬರುವಾಗ ಕಿತ್ತುಕೊಂಡದ್ದಕ್ಕೆ ಸರಿಹೋಗುತ್ತೆ ಅಂದುಕೊಳ್ಳಬೇಡಿ. 14,000 ಕಿ.ಮೀ.ಗೆ 900 ವೇಗ, 100 ಗಾಳಿ ಅಂದರೆ ಹೋಗೋದಕ್ಕೆ 14, ಬರೋದಕ್ಕೆ ಹದಿನೇಳೂವರೆ, ಒಟ್ಟು ಮೂವತ್ತೊಂದೂವರೆ. ಗಾಳಿಯೇ ಇಲ್ಲದಿದ್ದರೆ 31 ಗಂಟೆ 7 ನಿಮಿಷ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಸಿಕ್ಕಿಕೊಂಡಿರೋದರಿಂದ ಯಾವಾಗಲೂ ನಷ್ಟದ ಕಡೆಗೇ ವಾಲುತ್ತೆ.

ಟಿಕೆಟ್‌ಮನೆ
ವೇಳಾಪಟ್ಟಿಯ 16 ಗಂಟೆ ಅಂದರೆ ಹಾರಾಟದ ಸಮಯ ಅಲ್ಲ, ಬ್ಲಾಕ್ ಟೈಮ್. ಇಲ್ಲಿ ಗೇಟ್‌ನಿಂದ ವಿಮಾನ ಹಿಂದಕ್ಕೆ ತಳ್ಳಿದ ಕ್ಷಣದಿಂದ ಅಲ್ಲಿ ಗೇಟ್‌ನಲ್ಲಿ ನಿಂತ ಕ್ಷಣದವರೆಗೆ. ರನ್‌ವೇವರೆಗೆ ಉರುಳೋದು, ಸಾಲಲ್ಲಿ ನಿಲ್ಲೋದು, ಅಲ್ಲಿ ಇಳಿದ ಮೇಲೆ ಗೇಟ್ ಹುಡುಕೋದು ಎಲ್ಲಾ ಸೇರಿ ಅರ್ಧ ಗಂಟೆ ಹಿಡಿಯಿರಿ. ಗಾಳಿಪಟ ಅವರ 15:23ಕ್ಕೆ ಅದನ್ನ ಸೇರಿಸಿ, ಸರಿಯಾಗಿ 16ರ ಹತ್ತಿರ ಬಂತು. ಪೈಲಟ್ ಮೈಕ್‌ನಲ್ಲಿ "ಹದಿನೈದು ಗಂಟೆ ಇಪ್ಪತ್ತು ನಿಮಿಷ" ಅಂದಾಗ ಟಿಕೆಟ್‌ನಲ್ಲಿ 16 ಇತ್ತಲ್ಲಾ ಅಂತ ಗಾಬರಿ ಬೇಡ, ಅವರು ಹೇಳೋದು ಗಾಲಿ ನೆಲ ಬಿಟ್ಟು ಮತ್ತೆ ನೆಲ ಮುಟ್ಟುವವರೆಗಿನ ಸಮಯ.

ನಿಜವಾದ ಸಮಯ ತಿಳಿಯೋಕೆ ಫ್ಲೈಟ್‌ರೇಡಾರ್24 ಅಥವಾ ಫ್ಲೈಟ್‌ಅವೇರ್‌ನಲ್ಲಿ ವಿಮಾನದ ಸಂಖ್ಯೆ ಹಾಕಿ ಹಿಂದಿನ ಒಂದು ವಾರದ ಪಟ್ಟಿ ನೋಡಿ. ನಿಗದಿತ ಹೊರಡುವ ಸಮಯ, ನಿಜವಾಗಿ ಹಾರಿದ ಸಮಯ, ಇಳಿದ ಸಮಯ ಮೂರೂ ಇರುತ್ತೆ. ಒಂದೇ ದಿನ ನೋಡಿ ತೀರ್ಮಾನ ಮಾಡಬೇಡಿ, ಏಳು ದಿನದ್ದೂ ನೋಡಿ. ಮುಂದಿನ ವಿಮಾನ ಹಿಡಿಯೋದಿದ್ದರೆ ಸರಾಸರಿಯನ್ನ ನಂಬಬೇಡಿ, ಏಳರಲ್ಲಿ ಅತಿ ತಡವಾದ ದಿನಕ್ಕೆ ಲೆಕ್ಕ ಹಾಕಿ.

ಹೆಬ್ಬಾಳದವಳು
ಹೊರಡೋದು ಇಲ್ಲಿನ ಗಡಿಯಾರದಲ್ಲಿ, ಸೇರೋದು ಅಲ್ಲಿನ ಗಡಿಯಾರದಲ್ಲಿ. ಇದನ್ನ ಗಂಟೆಗೆ ಇಳಿಸೋದು ಹೇಗೆ?

ಟಿಕೆಟ್‌ಮನೆ
ಒಂದೇ ನಿಯಮ ಮೇಡಂ. ಎರಡೂ ಸಮಯವನ್ನ ಭಾರತದ ಗಡಿಯಾರಕ್ಕೆ ತಂದು ಆಮೇಲೆ ಕಳೆಯಿರಿ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. 2021ರ ವೇಳಾಪಟ್ಟಿ: ಬೆಂಗಳೂರು ಬಿಡೋದು 14:30, ಅಲ್ಲಿ ಸೇರೋದು ಅದೇ ದಿನ 17:00. ಅಲ್ಲಿನ 17:00ಕ್ಕೆ 13:30 ಸೇರಿಸಿದರೆ ನಮ್ಮಲ್ಲಿ ಮಾರನೇ ದಿನ 06:30. 14:30ರಿಂದ 06:30ಕ್ಕೆ 16 ಗಂಟೆ. ಬರುವಾಗ: ಶನಿವಾರ ರಾತ್ರಿ 20:30ಕ್ಕೆ ಬಿಟ್ಟರೆ ನಮ್ಮಲ್ಲಿ ಭಾನುವಾರ ಬೆಳಗ್ಗೆ 10:00. ಇಳಿಯೋದು ಸೋಮವಾರ 03:45. ಒಟ್ಟು 17:45. ಭಾನುವಾರ ಪೂರ್ತಿ ಆಕಾಶದಲ್ಲೇ ಕಳೆದುಹೋಗುತ್ತೆ, ಸೋಮವಾರ ಬೆಳಗ್ಗೆ ಆಫೀಸ್ ಇದೆ ಅನ್ನುವವರು ಶುಕ್ರವಾರವೇ ಹೊರಡಬೇಕು.

ಇಂಧನಲೆಕ್ಕ
ಎಲ್ಲರೂ ದಾರಿ, ಗಾಳಿ ಹೇಳಿದರು. ಬೆಂಗಳೂರಿಗೇ ಸೇರಿದ ಒಂದು ವಿಷಯ ಬಿಟ್ಟುಹೋಗಿದೆ: ನಮ್ಮ ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್, ಅಂದರೆ 3,000 ಅಡಿ ಮೇಲಿದೆ. ಅಷ್ಟು ಎತ್ತರದಲ್ಲಿ ವಿಮಾನದ ಲೆಕ್ಕಗಳಿಗೆ ಹಿಡಿಯೋ ಪ್ರಮಾಣಿತ ತಾಪಮಾನ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಇದ್ದರೆ 26 ಡಿಗ್ರಿ ಜಾಸ್ತಿ. ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಲೆಕ್ಕದಲ್ಲಿ 3,100 ಅಡಿ ಸೇರಿ, ರೆಕ್ಕೆಗೂ ಎಂಜಿನ್‌ಗೂ 6,000 ಅಡಿ ಎತ್ತರದ ತೆಳು ಗಾಳಿ ಸಿಕ್ಕ ಹಾಗೆ. ಊಟಿಗಿಂತ ಕೆಳಗಿರೋ ಕೂನೂರಿನ ಹತ್ತಿರದ ಎತ್ತರ ಅದು. ಮೇಲೇಳೋಕೆ ಹೆಚ್ಚು ವೇಗ ಬೇಕು, ಎಂಜಿನ್ ಕೊಡೋ ಬಲ ಕಮ್ಮಿ, ಓಡೋ ದೂರ ಜಾಸ್ತಿ. ರನ್‌ವೇ ಎರಡೂ 4,000 ಮೀಟರ್ ಇರೋದು ದೊಡ್ಡ ಅನುಕೂಲ, ಆದರೂ ತೂಕದ ಮಿತಿ ಇದ್ದೇ ಇರುತ್ತೆ.

ಆ ದಾರಿಗೆ ಹಾಕಿದ್ದ 777-200ಎಲ್‌ಆರ್‌ನ ಗರಿಷ್ಠ ಟೇಕಾಫ್ ತೂಕ 347 ಟನ್. ಟ್ಯಾಂಕ್ 1,81,000 ಲೀಟರ್, ಸುಮಾರು 145 ಟನ್. ಗಂಟೆಗೆ 7ರಿಂದ 8 ಟನ್ ಸುಡುತ್ತೆ ಅಂದರೆ 16 ಗಂಟೆಗೆ 120 ಟನ್ ಆಸುಪಾಸು, ಮೇಲೆ ಮೀಸಲು. ಇದರಲ್ಲಿ ಕ್ರೂರವಾದ ಲೆಕ್ಕ ಒಂದಿದೆ. ಇಂಧನ ಹೊರೋದಕ್ಕೂ ಇಂಧನ ಬೇಕು, ಹೆಚ್ಚುವರಿ ತೂಕದ ಶೇ. 3ರಿಂದ 4ರಷ್ಟು ಗಂಟೆಗೆ ಅದನ್ನ ಹೊರೋದಕ್ಕೇ ಉರಿಯುತ್ತೆ. 16 ಗಂಟೆಯ ದಾರಿಯಲ್ಲಿ "ಇರಲಿ" ಅಂತ 1 ಟನ್ ಹೆಚ್ಚು ತುಂಬಿದರೆ ಹತ್ತಿರಹತ್ತಿರ ಅರ್ಧ ಟನ್ ಅಲ್ಲಿ ಮುಟ್ಟೋ ಮೊದಲೇ ಖಾಲಿ. ಹಾಗಾಗಿ ಎದುರುಗಾಳಿ ಜೋರಿರೋ ದಿನ ಮೊದಲು ಸರಕು ಇಳಿಸ್ತಾರೆ, ಅದೂ ಸಾಲದಿದ್ದರೆ ಸೀಟು ಖಾಲಿ ಬಿಡ್ತಾರೆ, ಅದೂ ಆಗದಿದ್ದರೆ ನಡುವೆ ಇಂಧನಕ್ಕೆ ಇಳಿಸ್ತಾರೆ. ಆ ವಿಮಾನದಲ್ಲಿದ್ದದ್ದೇ 238 ಸೀಟು, ಅದರಲ್ಲಿ 195 ಎಕಾನಮಿ. ನೇರ ಟಿಕೆಟ್ ದುಬಾರಿ ಯಾಕೆ ಅಂತ ಕೇಳುವವರಿಗೆ ಅರ್ಧ ಉತ್ತರ ಇಲ್ಲೇ ಇದೆ.

ಧ್ರುವದ ದಾರಿಗೆ ಇನ್ನೊಂದು ಅಡ್ಡಿ. ನಮ್ಮಲ್ಲಿ ತುಂಬೋದು ಜೆಟ್ ಎ-1, −47 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗೋದು ಜೆಟ್ ಎ, ಅದರ ಮಿತಿ −40. ಬರುವಾಗ ಟ್ಯಾಂಕ್‌ನಲ್ಲಿರೋದು ಇದೇ. ಟ್ಯಾಂಕ್‌ನ ಇಂಧನ ಹೆಪ್ಪುಗಟ್ಟುವ ಮಿತಿಗಿಂತ 3 ಡಿಗ್ರಿ ಮೇಲೇ ಇರಬೇಕು, ಅಂದರೆ −37. ಹೊರಗೆ −65 ಇದ್ದರೂ ಮ್ಯಾಕ್ 0.84ರಲ್ಲಿ ರೆಕ್ಕೆಗೆ ಅಪ್ಪಳಿಸೋ ಗಾಳಿ ಒತ್ತಡಕ್ಕೆ ಬಿಸಿಯಾಗಿ −36ಕ್ಕೆ ಬರುತ್ತೆ, ನಡೆಯುತ್ತೆ. ಹೊರಗೆ −70 ಆದರೆ ಅದು −41. ಇಂಧನ ಅಷ್ಟು ತಣ್ಣಗಾಗೋಕೆ ಗಂಟೆಗಟ್ಟಲೆ ಹಿಡಿಯುತ್ತೆ, ಆದರೆ ಈ ದಾರಿಯಲ್ಲಿ ಗಂಟೆಗಳಿಗೆ ಬರವಿಲ್ಲ. ಆಗ ಪೈಲಟ್‌ಗಳು ಬೆಚ್ಚಗಿನ ಪದರಕ್ಕೆ ಇಳೀತಾರೆ, ಇಲ್ಲ ವೇಗ ಹೆಚ್ಚಿಸ್ತಾರೆ. ಮ್ಯಾಕ್ 0.01 ಏರಿಸಿದರೆ ಅರ್ಧ ಡಿಗ್ರಿಗಿಂತ ತುಸು ಜಾಸ್ತಿ ಸಿಗುತ್ತೆ. ಎರಡಕ್ಕೂ ಇಂಧನ ಹೆಚ್ಚು ಸುಡುತ್ತೆ.

ಬಸವನಗುಡಿ_ಓದುಗ
ಇಷ್ಟು ವಿವರಕ್ಕೆ ನಿಜವಾಗಿಯೂ ಕೃತಜ್ಞ. ಈಗ ನಡುವೆ ಇಳಿದು ಹತ್ತುವ ದಾರಿಗಳ ಲೆಕ್ಕ ಬೇಕಿತ್ತು. ದುಬೈ, ಫ್ರಾಂಕ್‌ಫರ್ಟ್, ಸಿಂಗಪುರ ಇವುಗಳಲ್ಲಿ ಯಾವುದು ಕಮ್ಮಿ ಸುತ್ತು?

ನಕ್ಷೆಗಾರ
ಮೇಲಿನ ಸೂತ್ರದಲ್ಲೇ ಎರಡೆರಡು ತುಂಡು ಮಾಡಿ ಕೂಡಿದ್ದೇನೆ, ಹತ್ತಿರದ ಹತ್ತಕ್ಕೆ ಸರಿಮಾಡಿ. ಉತ್ತರ ನೋಡಿದರೆ ಅಚ್ಚರಿಯಾಗುತ್ತೆ.

ದೆಹಲಿ: 1,710 + 12,380 = 14,090 ಕಿ.ಮೀ.
ಟೋಕಿಯೊ ನರಿಟಾ: 6,700 + 8,230 = 14,930
ಹಾಂಗ್‌ಕಾಂಗ್: 3,960 + 11,130 = 15,090
ದುಬೈ: 2,700 + 13,020 = 15,720
ಫ್ರಾಂಕ್‌ಫರ್ಟ್: 7,400 + 9,150 = 16,550
ಲಂಡನ್: 8,050 + 8,620 = 16,670
ಸಿಂಗಪುರ: 3,180 + 13,580 = 16,760

ದೆಹಲಿ ಹೆಚ್ಚುಕಮ್ಮಿ ದಾರದ ಮೇಲೇ ಇದೆ, ನೂರು ಕಿ.ಮೀ. ವ್ಯತ್ಯಾಸ. ಟೋಕಿಯೊ ದೂರದಲ್ಲೂ ಕಮ್ಮಿ, ಹೋಗುವಾಗ ಬೆನ್ನುಗಾಳಿಯೂ ಸಿಗುತ್ತೆ. ನಕ್ಷೆಯಲ್ಲಿ ಯುರೋಪ್ ದಾರಿ ನೆಟ್ಟಗೆ ಕಾಣಿಸುತ್ತೆ, ಆದರೆ 2,500 ಕಿ.ಮೀ. ಸುತ್ತು. ಗೋಡೆ ನಕ್ಷೆ ಉತ್ತರದ ಕಡೆಯನ್ನ ಹಿಗ್ಗಿಸಿ ತೋರಿಸೋದರಿಂದ ಹಾಗೆ ಅನಿಸುತ್ತೆ.

ಟಿಕೆಟ್‌ಮನೆ
ದೂರದ ಪಟ್ಟಿ ಸರಿ, ಆದರೆ ಟಿಕೆಟ್ ತಗೊಳ್ಳುವಾಗ ಇದೇ ಕ್ರಮ ಹಿಡಿಯಬೇಡಿ. ದುಬೈನಿಂದ ಆಚೆ 15ರಿಂದ 16 ಗಂಟೆ ಒಂದೇ ಸಮನೆ ಕೂರಬೇಕು. ನೇರ ವಿಮಾನದಷ್ಟೇ ಕಷ್ಟ, ಜೊತೆಗೆ ನಾಲ್ಕು ಗಂಟೆಯ ಇನ್ನೊಂದು ವಿಮಾನ. ಫ್ರಾಂಕ್‌ಫರ್ಟ್ ಸುತ್ತು ಜಾಸ್ತಿ, ಆದರೆ 10 ಮತ್ತು 11 ಗಂಟೆ ಅಂತ ಎರಡು ಸಮಪಾಲು. ಮಂಡಿ ನೋವು, ಕಾಲು ಊತ ಇರುವ ಹಿರಿಯರಿಗೆ ನಡುವೆ ಮೂರು ಗಂಟೆ ಓಡಾಡೋದು ಸಿಗುತ್ತೆ, ಅವರಿಗೆ ಇದೇ ಮೇಲು. ಟೋಕಿಯೊ ಕೂಡ 8 ಮತ್ತು 9 ಆಗಿ ಚೆನ್ನಾಗಿ ಒಡೆಯುತ್ತೆ. ಆದರೆ ಅಲ್ಲಿ ನರಿಟಾ, ಹನೇಡ ಅಂತ ಎರಡು ನಿಲ್ದಾಣ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವ ಟಿಕೆಟ್ ಕೊಟ್ಟಿದ್ದಾರಾ ಅಂತ ನೋಡಿ, ನಡುವಿನ ಬಸ್ ದಾರಿಯೇ ಒಂದೂವರೆ ಗಂಟೆ, ಜಪಾನ್ ಒಳಗೆ ಕಾಲಿಡೋದರಿಂದ ವೀಸಾ ಪ್ರಶ್ನೆಯೂ ಬರುತ್ತೆ.

ನಡುವಿನ ಅಂತರ ಎಷ್ಟಿರಬೇಕು? ಸಂಸ್ಥೆಗಳು 45 ನಿಮಿಷ, 60 ನಿಮಿಷದ ಅಂತರಕ್ಕೂ ಟಿಕೆಟ್ ಮಾರುತ್ತವೆ. ಎರಡರಿಂದ ಮೂರು ಗಂಟೆ ಇಟ್ಟುಕೊಳ್ಳಿ. ನಾಲ್ಕು ದಾಟಿದರೆ ಹಿರಿಯರಿಗೆ ಅದೂ ಸುಸ್ತೇ. ಎಲ್ಲಕ್ಕಿಂತ ಮುಖ್ಯ, ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿರಲಿ. ಮೊದಲನೇದು ತಡವಾಗಿ ಎರಡನೇದು ತಪ್ಪಿದರೆ ಮುಂದಿನ ವಿಮಾನ ಹುಡುಕಿ ಕೊಡೋದು ಸಂಸ್ಥೆಯ ಜವಾಬ್ದಾರಿ ಆಗುತ್ತೆ, ಬ್ಯಾಗ್‌ಗೂ ಇಲ್ಲೇ ಕೊನೆಯ ಊರಿನ ಟ್ಯಾಗ್ ಬೀಳುತ್ತೆ. ನಾಲ್ಕೈದು ಸಾವಿರ ಉಳಿಯುತ್ತೆ ಅಂತ ಬೇರೆ ಬೇರೆ ಟಿಕೆಟ್ ತಗೊಂಡರೆ ತಪ್ಪಿದ ವಿಮಾನದ ಪೂರ್ತಿ ದುಡ್ಡು ನಿಮ್ಮ ತಲೆಗೇ.

ನ್ಯೂಯಾರ್ಕ್ ಅಥವಾ ಷಿಕಾಗೊದಲ್ಲಿ ಇಳಿದು ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗೋ ಟಿಕೆಟ್ ಇದ್ದರೆ ನೆನಪಿಡಿ: ಅಮೆರಿಕದಲ್ಲಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್, ಕಸ್ಟಮ್ಸ್. ಬ್ಯಾಗ್ ಬೆಲ್ಟ್‌ನಿಂದ ತೆಗೆದು ಮತ್ತೆ ಒಪ್ಪಿಸಬೇಕು, ಭದ್ರತಾ ತಪಾಸಣೆ ಮತ್ತೆ ಆಗುತ್ತೆ. ಅಲ್ಲಿ ಮೂರು ಗಂಟೆಗೆ ಕಮ್ಮಿ ಬೇಡವೇ ಬೇಡ.

ರನ್‌ವೇ_27
ಮನೆಯಿಂದ ನಿಲ್ದಾಣದ ಲೆಕ್ಕವನ್ನ ಯಾರೂ ಹಾಕಿಲ್ಲ. ಮೆಜೆಸ್ಟಿಕ್‌ನಿಂದ ದೇವನಹಳ್ಳಿ ನಿಲ್ದಾಣ 35 ಕಿ.ಮೀ. ಚಿಲ್ಲರೆ, ಎಲೆಕ್ಟ್ರಾನಿಕ್ ಸಿಟಿಯಿಂದ 55 ದಾಟುತ್ತೆ. ಬೆಳಗಿನ ಜಾವ ಮುಕ್ಕಾಲು ಗಂಟೆ, ಸಂಜೆ ಆರರ ಹೊತ್ತಿಗೆ ಅದೇ ದಾರಿ ಎರಡು ಗಂಟೆ. ಸಿಕ್ಕಿಕೊಳ್ಳೋದು ಮೇಖ್ರಿ ಸರ್ಕಲ್‌ನಿಂದ ಹೆಬ್ಬಾಳ ಫ್ಲೈಓವರ್ ಇಳಿಯುವವರೆಗೆ, ಆಮೇಲೆ ಸಾದಹಳ್ಳಿ ಟೋಲ್‌ವರೆಗೂ ದಾರಿ ಬಿಡುವು. ಇಂದಿರಾನಗರ, ಕಲ್ಯಾಣನಗರ ಕಡೆಯವರು ಹೆಣ್ಣೂರು–ಬಾಗಲೂರು ರಸ್ತೆ ಹಿಡಿದರೆ ಹೆಬ್ಬಾಳ ತಪ್ಪುತ್ತೆ. ನಿಲ್ದಾಣಕ್ಕೆ ಹೋಗೋ ವಾಯುವಜ್ರ ಬಸ್‌ಗಳಲ್ಲಿ ಮೆಜೆಸ್ಟಿಕ್‌ನಿಂದ ಕೆಐಎ-9, ಎಲೆಕ್ಟ್ರಾನಿಕ್ ಸಿಟಿಯಿಂದ ಕೆಐಎ-8. ದೊಡ್ಡ ಬ್ಯಾಗ್ ಎರಡಿದ್ದರೆ ಮೊದಲ ನಿಲ್ದಾಣದಲ್ಲೇ ಹತ್ತಿ, ನಡುವೆ ಹತ್ತಿದರೆ ಬ್ಯಾಗ್ ಇಡೋ ಜಾಗ ತುಂಬಿರುತ್ತೆ.

2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳು ಟರ್ಮಿನಲ್ 2ರಿಂದ. ಕ್ಯಾಬ್‌ನವರಿಗೆ ಮೊದಲೇ ಹೇಳಿ, ಟರ್ಮಿನಲ್ 1ರಲ್ಲಿ ಇಳಿಸಿಬಿಟ್ಟರೆ ಬ್ಯಾಗ್ ಸಮೇತ ಶಟಲ್ ಕಾಯಬೇಕು. ದೆಹಲಿ ಮೂಲಕ ಹೋಗುವವರು ಮೊದಲ ತುಂಡು ದೇಶೀಯ ಆಗಿರೋದರಿಂದ ಯಾವ ಟರ್ಮಿನಲ್ ಅಂತ ಟಿಕೆಟ್‌ನಲ್ಲಿ ಬೇರೆಯಾಗಿ ನೋಡಿ. ವಿಮಾನಕ್ಕೆ ಮೂರು ಗಂಟೆ ಮೊದಲು ಬಾಗಿಲಲ್ಲಿರಿ. ಕೌಂಟರ್ ಮುಚ್ಚೋದು ಸಂಸ್ಥೆಗೆ ತಕ್ಕಂತೆ 60ರಿಂದ 75 ನಿಮಿಷ ಮೊದಲು, ಹಾರೋ ಹೊತ್ತಿಗಲ್ಲ.

ಮಂಜಿನ ವಿಷಯವೂ ಇದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗಿನ ಜಾವ ನಾಲ್ಕರಿಂದ ಎಂಟರವರೆಗೆ ದೇವನಹಳ್ಳಿ ಬಯಲಿಗೆ ಮಂಜು ಕವಿಯುತ್ತೆ. ದಕ್ಷಿಣ ರನ್‌ವೇಗೆ ಕ್ಯಾಟ್-3ಬಿ, ಅಂದರೆ ದಟ್ಟ ಮಂಜಿನಲ್ಲೂ ವಿಮಾನ ಇಳಿಸೋಕೆ ನೆರವಾಗೋ ಉಪಕರಣ ಬಂದ ಮೇಲೆ ತೊಂದರೆ ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ. ಆ ಹೊತ್ತಿನ ವಿಮಾನಕ್ಕೆ ಮುಂದಿನ ಊರಲ್ಲಿ ಒಂದು ಗಂಟೆಯ ಅಂತರ ಇಟ್ಟುಕೊಂಡರೆ ಕೈಕೊಡುತ್ತೆ. ಆ ಕಡೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತದ್ವಿರುದ್ಧ, ಬೇಸಿಗೆ ಬೆಳಗ್ಗೆ ಸಮುದ್ರದ ಕಡೆಯಿಂದ ಕೆಳಮೋಡ ನುಗ್ಗುತ್ತೆ. ಅಲ್ಲಿನ ಜೋಡಿ ರನ್‌ವೇಗಳ ನಡುವೆ 750 ಅಡಿ ಮಾತ್ರ ಅಂತರ. ಮೋಡ ಕವಿದಾಗ ಅಕ್ಕಪಕ್ಕ ಇಳಿಸೋಕಾಗದೆ ಬರೋ ವಿಮಾನಗಳನ್ನ ತಡೆಹಿಡೀತಾರೆ.

ಹೆಬ್ಬಾಳದವಳು
ಬ್ಯಾಗ್ ವಿಷಯ ಒಂದೆರಡು ನಾನು ಸೇರಿಸ್ತೀನಿ, ಸಮಯ ಹಾಳಾಗೋದು ಅಲ್ಲೂ. ಒಣ ಕೊಬ್ಬರಿ ಬೇಡ. ಎಣ್ಣೆ ಅಂಶದಿಂದ ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಸರಕಿನ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದಿದೆ. ಸ್ಕ್ಯಾನರ್‌ನಲ್ಲಿ ಕಂಡರೆ ಕರೆಸಿ ಬ್ಯಾಗ್ ಬಿಚ್ಚಿಸ್ತಾರೆ. ಚಟ್ನಿಪುಡಿ, ಸಾಂಬಾರ್ ಪುಡಿ ಕೈಚೀಲದಲ್ಲಿ ಬೇಡ, ಅಮೆರಿಕದ ವಿಮಾನಕ್ಕೆ 350 ಮಿ.ಲೀ.ಗಿಂತ ಜಾಸ್ತಿ ಪುಡಿ ಇದ್ದರೆ ಬೇರೆ ತಪಾಸಣೆ, ಅದನ್ನ ಕೆಳಗಿನ ಬ್ಯಾಗ್‌ಗೆ ಹಾಕಿ. ಉಪ್ಪಿನಕಾಯಿಯೂ ಕೆಳಗೇ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್‌ವರೆಗೆ. 20,000 ಎಂಎಎಚ್ ಅನ್ನ 3.7 ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74, ನಡೆಯುತ್ತೆ. 30,000 ಆದರೆ 111, ಸಂಸ್ಥೆಯ ಒಪ್ಪಿಗೆ ಬೇಕು.

ಬಸವನಗುಡಿ_ಓದುಗ
ಹಾಗಾದರೆ ಬಸವನಗುಡಿಯಿಂದ ಬಾಗಿಲಿಂದ ಬಾಗಿಲಿಗೆ ಲೆಕ್ಕ ಹೀಗೆ: ನಿಲ್ದಾಣಕ್ಕೆ ಎರಡು ಗಂಟೆ, ಅಲ್ಲಿ ಮೂರು, ವಿಮಾನ 16, ಆ ಕಡೆ ಇಮಿಗ್ರೇಷನ್ ಮತ್ತು ಬ್ಯಾಗ್‌ಗೆ ಎರಡು. ನೇರ ಹೋದರೂ 23 ಗಂಟೆ. ಫ್ರಾಂಕ್‌ಫರ್ಟ್ ಮೂಲಕ ಮೂರು ಗಂಟೆ ಅಂತರ ಇಟ್ಟರೆ 31. ವ್ಯತ್ಯಾಸ ಎಂಟು ಗಂಟೆ. ಸರಿಯಾ?

ಟಿಕೆಟ್‌ಮನೆ
ಲೆಕ್ಕ ಸರಿ ಇದೆ. ನೇರ ವಿಮಾನ ಋತುವಿನಿಂದ ಋತುವಿಗೆ ಬರ್ತಾ ಹೋಗ್ತಾ ಇರುತ್ತೆ, ನೀವು ಹೋಗುವ ತಿಂಗಳಿಗೆ ಇದೆಯಾ ಅಂತ ಸಂಸ್ಥೆಯ ತಾಣದಲ್ಲೇ ಮೊದಲು ನೋಡಿ. ಟ್ರಾನ್ಸಿಟ್ ವೀಸಾ ಬೇಕಾ ಬೇಡವಾ ಅನ್ನೋದನ್ನ ಆಯಾ ದೇಶದ ರಾಯಭಾರ ಕಚೇರಿಯ ತಾಣದಲ್ಲಿ ನೋಡಿ, ಹಳೇ ಉತ್ತರಗಳನ್ನ ನಂಬಬೇಡಿ.

ಗಾಳಿಪಟ_ಕೆ
ಮೇಲಿನ ಗಡಿಯಾರದ ಲೆಕ್ಕಕ್ಕೆ ಒಂದು ತಿದ್ದುಪಡಿ. ಹದಿಮೂರೂವರೆ ಗಂಟೆ ಚಳಿಗಾಲದ್ದು. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಮುಂದೆ, ಆಗ ಹನ್ನೆರಡೂವರೆ ಹಿಡಿಯಿರಿ. ಯುರೋಪ್ ಬದಲಿಸೋದು ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ನಡುವಿನ ಆ ವಾರಗಳಲ್ಲಿ (ಮಾರ್ಚ್‌ನಲ್ಲಿ ಎರಡು–ಮೂರು, ಅಕ್ಟೋಬರ್–ನವೆಂಬರ್‌ನಲ್ಲಿ ಒಂದು) ಫ್ರಾಂಕ್‌ಫರ್ಟ್ ಅಥವಾ ಲಂಡನ್ ಮೂಲಕ ಹೋಗುವವರ ಟಿಕೆಟ್‌ನಲ್ಲಿ ಮೂರು ಗಂಟೆ ಇದ್ದ ಅಂತರ ಎರಡು ಆಗಿರಬಹುದು, ನಾಲ್ಕೂ ಆಗಿರಬಹುದು. ಮೊದಲೇ ಬುಕ್ ಮಾಡಿದವರು ಹೊರಡುವ ವಾರ ವೇಳೆಯನ್ನ ಮತ್ತೊಮ್ಮೆ ತೆಗೆದು ನೋಡಿ.